ಬೆಂಗ್ರೆಯ ಮಳಲು ಮತ್ತು ಕಡಲಾಮೆ

ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಸಮುದ್ರವನ್ನು ಸೇರುವ ಅಳಿವೆಯ ಬಡಗಣ ಮಗ್ಗುಲಲ್ಲಿ, ಒಂದು ಪಾರ್ಶ್ವಕ್ಕೆ ಹಳೆಯ ಬಂದರಿನ ಹೊಳೆಯನ್ನೂ ಇನ್ನೊಂದು ಪಾರ್ಶ್ವಕ್ಕೆ ಅರಬ್ಬೀ ಸಮುದ್ರವನ್ನೂ ಇಟ್ಟುಕೊಂಡು ನೀಳವಾಗಿ ಚಾಚಿರುವ ಬೆಂಗ್ರೆಯು, ಮೀನುಗಾರರ ಊರೆಂದೂ ದೋಣಿಯಲ್ಲಿ ದಾಟಿ ಹೋಗುವ ವಿಹಾರಸ್ಥಾನವೆಂದೂ ಮಂಗಳೂರಿನವರಿಗೆ ಚಿರಪರಿಚಿತವಾಗಿದ್ದರೂ, ಆ ಮಳಲಿನ ಮತ್ತೊಂದು ಚರಿತ್ರೆಯನ್ನು ಬಲ್ಲವರು ವಿರಳ. ಚಳಿಗಾಲದ ಇರುಳುಗಳಲ್ಲಿ ಕಡಲಾಮೆಗಳು ತತ್ತಿಯಿಡಲು ಏರಿಬರುತ್ತಿದ್ದ ತೀರಗಳಲ್ಲಿ ಅದೂ ಒಂದು.

ಶಾಸ್ತ್ರಜ್ಞರು ಆಲಿವ್ ರಿಡ್ಲೆ ಎಂದು ಕರೆಯುವ ಈ ಜೀವಿ, ಉಬ್ಬರದ ಗೆರೆಯನ್ನು ದಾಟಿ ಒಣಮಳಲಿಗೆ ತೆವಳಿ ಬಂದು, ಹಿಂಗಾಲುಗಳನ್ನು ಒಂದರ ಬಳಿಕ ಒಂದರಂತೆ ಬಳಸಿ ಮಳಲನ್ನು ಬೊಗಸೆ ಬೊಗಸೆಯಾಗಿ ಮೊಗೆದು ಹೊರಚೆಲ್ಲಿ, ಒಂದೂವರೆ ಅಡಿಯಷ್ಟು ಆಳಕ್ಕೆ ಕೊಡದಾಕಾರದ ಕುಳಿಯನ್ನು ತೋಡಿ, ಅದರೊಳಗೆ 100ರ ಆಸುಪಾಸಿನ ಬೆಳ್ಳನೆಯ ತತ್ತಿಗಳನ್ನಿಟ್ಟು ಮುಚ್ಚಿ, ಬಳಿಕ ತನ್ನ ಮೈಯನ್ನೇ ಎಡಕ್ಕೂ ಬಲಕ್ಕೂ ಎತ್ತಿ ಬಡಿದು ನೆಲವನ್ನು ಗಟ್ಟಿಮಾಡಿ ನೀರಿಗಿಳಿಯುತ್ತದೆ. ತತ್ತಿಯಿಡುವ ಮುನ್ನ ಬೆಳಕನ್ನೋ ಸದ್ದನ್ನೋ ಕಂಡು ಕೇಳಿದರೆ ಬಂದ ಕಾರ್ಯವನ್ನು ತೊರೆದು ಹಿಂದಿರುಗುವ ಆಮೆ, ಇಡತೊಡಗಿದ ಮೇಲೆ ಮಾತ್ರ ಮನುಷ್ಯನು ತೀರ ಸಮೀಪಕ್ಕೆ ಬಂದರೂ ಸಾಮಾನ್ಯವಾಗಿ ಕದಲುವುದಿಲ್ಲ. ಆ ಸಾಮೀಪ್ಯವು ಕತ್ತಲಲ್ಲಿ ಮೌನವಾಗಿ ಕಾದವನಿಗಷ್ಟೇ ಲಭ್ಯ.

ಹಿಂದೆ ಆಮೆಯ ಈ ಸಾಮೀಪ್ಯವು ಕಡಲ ಮಕ್ಕಳ ಪಾಲಿನದಾಗಿತ್ತು. ಕೂರ್ಮಾವತಾರದ ಭಾವನೆಯಿಂದ, ಬಲೆಗೆ ಬಿದ್ದ ಆಮೆಯನ್ನು ಕೈಮುಗಿದು ನೀರಿಗೆ ಬಿಡುವವರು ಈ ಕರಾವಳಿಯಲ್ಲಿ ಇದ್ದಂತೆ, ಹೆಜ್ಜೆಯ ಜಾಡು ಹಿಡಿದು ತತ್ತಿಗಳನ್ನು ಅಗೆದೊಯ್ಯುವವರೂ ಇದ್ದರು. ಎರಡನ್ನೂ ಹೇಳದಿದ್ದರೆ ಆ ಕಾಲಕ್ಕೆ ಅನ್ಯಾಯವಾದೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಈ ಎರಡನೆಯದು ಅಪರಾಧವೆನಿಸಿತು.

ಒಡಿಶಾದ ಗಹಿರ್‌ಮಾಥಾದಲ್ಲಿ ಆಮೆಗಳ ಮಹಾಸಮೂಹವು ವಿಜ್ಞಾನಲೋಕದ ಗಮನಕ್ಕೆ ಬಂದ 1974ರಲ್ಲಿಯೇ, ಬೆಂಗ್ರೆಗೆ ಉತ್ತರದ ಪಣಂಬೂರಿನಲ್ಲಿ ನವಮಂಗಳೂರು ಬಂದರು ದೇಶದ ಪ್ರಧಾನ ಬಂದರುಗಳ ಪಂಕ್ತಿಗೆ ಸೇರಿತು. ನಗರಕ್ಕೆ ಅದು ಸಮೃದ್ಧಿಯನ್ನು ತಂದಿತೆಂಬುದು ನಿಜ. ಇರುಳ ಕಡಲಿಗೆ ಬೆಳಕನ್ನು ತಂದಿತೆಂಬುದೂ ಅಷ್ಟೇ ನಿಜ. 1980ರ ದಶಕದಲ್ಲಿ ಬೆಂಗ್ರೆಯ ತೀರದಲ್ಲಿ ಕಡಲಾಮೆಯ ತತ್ತಿಗಳಿಗೆ ಮರಿಕೇಂದ್ರವೊಂದನ್ನು ನಿರ್ಮಿಸಿ ಪ್ರಯೋಗ ನಡೆಸಿದವರ ಪ್ರಬಂಧವು 1986ರಲ್ಲಿ ‘ಮಹಾಸಾಗರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಶ್ರಮವನ್ನು ನಗರವು ಮರೆತದ್ದು ನನಗೆ ಖೇದವನ್ನುಂಟುಮಾಡುತ್ತದೆ. ಮುಂದೆ ಕಡಲತೀರವೆಂದರೆ ಸಂಜೆಯ ಜಾತ್ರೆಯಾಯಿತು. ಪಣಂಬೂರಿಗೆ ಬಂದ ಮಕ್ಕಳು ಪ್ರಾಣಿಯ ಸಾಮೀಪ್ಯವನ್ನು ಒಂಟೆಯ ಬೆನ್ನ ಮೇಲೆ ಕಂಡರು.

ಅಂತಹುದರಲ್ಲಿ 2024ರ ಆದಿಯಲ್ಲಿ, ಶಾಂಭವಿ ನಂದಿನಿಯರು ಕಡಲನ್ನು ಕೂಡುವ ಸಸಿಹಿತ್ಲುವಿನಲ್ಲಿಯೂ ನಗರದ ಇತರ ತೀರಗಳಲ್ಲಿಯೂ ಆಮೆಯ ಗೂಡುಗಳು ಕಾಣಿಸಿಕೊಂಡುವೆಂಬ ವಾರ್ತೆ ಹಬ್ಬಿ, ಅರಣ್ಯ ಇಲಾಖೆಯವರು ಸ್ಥಳೀಯ ಮೀನುಗಾರರ ನೆರವಿನಿಂದ ಬೇಲಿ ಕಟ್ಟಿ ಕಾವಲಿಟ್ಟರು. 45ರಿಂದ 60 ದಿನಗಳಲ್ಲಿ ಒಡೆದು ಬರುವ ಮರಿಗಳು, ಅಂಗೈಯೊಳಗೆ ಅಡಗುವಷ್ಟು ಚಿಕ್ಕವು, ಕಡಲ ಮೇಲಿನ ಬಾನಿನ ಮಂದಪ್ರಭೆಯನ್ನು ನೋಡಿಯೇ ದಿಕ್ಕನ್ನರಿತು ಹರಿದಾಡುವುದರಿಂದ, ಬೆನ್ನ ಹಿಂದೆ ಬೀದಿದೀಪವೊಂದು ಉರಿಯುತ್ತಿದ್ದರೆ ಅದನ್ನೇ ಕಡಲೆಂದು ಭ್ರಮಿಸಿ ರಸ್ತೆಯ ಕಡೆಗೆ ನಡೆದುಬಿಡುವುವು. ನವೆಂಬರಿನಿಂದ ಮರಿಗಳೆಲ್ಲ ನೀರು ಸೇರುವವರೆಗೆ ತೀರದ ದೀಪಗಳನ್ನು ಆರಿಸುವುದು, ಆಗದಿದ್ದೆಡೆ ಕಡಲ ಕಡೆಯ ಬೆಳಕನ್ನು ಮರೆಮಾಡುವುದು, ನೋಡಬಂದವರನ್ನು ಮರಿಗಳ ಹಿಂದುಗಡೆ ನಿಲ್ಲಿಸಿ ಕೈದೀಪ, ಮೊಬೈಲುಗಳನ್ನು ಮುಚ್ಚಿಸುವುದು, ಇಷ್ಟು ವ್ಯವಸ್ಥೆಯನ್ನು ಮಾಡುವುದು ಇಷ್ಟು ದೊಡ್ಡ ಬಂದರನ್ನು ಕಟ್ಟಿದ ಊರಿಗೆ ಅಸಾಧ್ಯವೇನೂ ಅಲ್ಲ.