ದಂಡು ಇಳಿಯಲಿಲ್ಲ, ದೇಶ ಮಾತ್ರ ಅಲುಗಾಡಿತು

1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಹಿಂದಿನ ದಿನ ಕೊಲಂಬೊ, ಮೂರು ದಿನ ಬಿಟ್ಟು ತ್ರಿಂಕೋಮಲಿ. ಯುದ್ಧದ ಲೆಕ್ಕದಲ್ಲಿ ವಿಶಾಖಪಟ್ಟಣದ ದಾಳಿ ತೀರಾ ಸಣ್ಣದು. ಸತ್ತವರು ಕೆಲವೇ ಮಂದಿ. ಭಾರತದ ದಡಕ್ಕೆ ಸೈನ್ಯ ಇಳಿಸುವ ಯೋಜನೆಯೂ ಆ ನೌಕಾಪಡೆಗೆ ಇರಲಿಲ್ಲ. ಬಂದರು, ಹೊಡೆದರು, ಹೋದರು.

ಆದರೆ ಮದ್ರಾಸಿನಲ್ಲಿ ಆದದ್ದೇ ಬೇರೆ. ಜಪಾನಿನವರು ಇನ್ನೇನು ಬಂದೇ ಬಿಟ್ಟರು ಎಂದು ಸರ್ಕಾರಿ ಕಚೇರಿಗಳು ಒಳನಾಡಿಗೆ ಹೊರಟವು. ಊರಿನ ಜನ ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ಇದನ್ನೆಲ್ಲ ಕಣ್ಣಾರೆ ಕಂಡ ರಾಜಾಜಿ ಏಪ್ರಿಲ್ 23ರಂದು ಮದ್ರಾಸಿನ ಕಾಂಗ್ರೆಸ್ ಶಾಸಕರಿಂದ ಒಂದು ನಿರ್ಣಯ ಮಾಡಿಸಿದರು. ಮುಸ್ಲಿಂ ಲೀಗಿನ ಪ್ರತ್ಯೇಕತೆಯ ಬೇಡಿಕೆಯನ್ನು ತಾತ್ವಿಕವಾಗಿ ಒಪ್ಪಿಬಿಡೋಣ, ರಾಷ್ಟ್ರೀಯ ಸರ್ಕಾರ ಕಟ್ಟಿ ಜಪಾನನ್ನು ಎದುರಿಸೋಣ ಎಂಬುದು ಅದರ ಸಾರ. ಅಲಹಾಬಾದಿನ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು 120ಕ್ಕೆ 15 ಮತಗಳಿಂದ ತಳ್ಳಿಹಾಕಿತು. ಜುಲೈ ಹೊತ್ತಿಗೆ ರಾಜಾಜಿ ಕಾಂಗ್ರೆಸ್ಸಿನಿಂದಲೇ ಹೊರಗಿದ್ದರು. ಬರದೇ ಹೋದ ದಂಡಿನ ಭಯ ದೇಶ ವಿಭಜನೆಯ ಮಾತನ್ನು ಕಾಂಗ್ರೆಸ್ಸಿನ ಒಳಗೇ ತಂದಿಟ್ಟಿತ್ತು.

ಈ ಕತೆಯನ್ನು ನಾವು ಇಲ್ಲಿ ಎತ್ತಿದ್ದು ಆಟಗಳ ನೆಪದಲ್ಲಿ. ಪೆಸಿಫಿಕ್ ಯುದ್ಧವನ್ನು ಮೇಜಿನ ಮೇಲೋ ಕಂಪ್ಯೂಟರಿನಲ್ಲೋ ಮತ್ತೆ ಹೂಡುವ ಆಟಗಳಿವೆ. ಪಬ್‌ಜಿ ಥರ ಗುಂಡು ಹಾರಿಸುವ ಆಟಗಳಲ್ಲ. ದೊಡ್ಡ ನಕ್ಷೆ, ಅದರ ತುಂಬ ಷಟ್ಕೋನದ ಮನೆಗಳು, ಹಡಗಿಗೊಂದು ದಳಕ್ಕೊಂದು ಬಿಲ್ಲೆ. ಒಬ್ಬ ಜಪಾನ್, ಇನ್ನೊಬ್ಬ ಮಿತ್ರಪಕ್ಷ. 'ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್' (2009) ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ಸರದಿ ಎಂದರೆ ಯುದ್ಧದ ಒಂದು ದಿನ. ಇಡೀ ಯುದ್ಧ ಆಡಿ ಮುಗಿಸಲು ಕೆಲವರಿಗೆ ನಿಜವಾದ ಯುದ್ಧಕ್ಕಿಂತ ಹೆಚ್ಚು ವರ್ಷ ಬೇಕಾಗುತ್ತದೆ! ತೈಲ, ಹಡಗು ರಿಪೇರಿ, ಪೈಲಟ್ ತರಬೇತಿ ಎಲ್ಲಕ್ಕೂ ಅದರಲ್ಲಿ ಲೆಕ್ಕ ಇದೆ.

ಜನಕ್ಕೆ? ಸ್ವಲ್ಪ ಇದೆ. ಒಂದು ಪ್ರದೇಶಕ್ಕೆ ಕಟ್ಟಿಹಾಕಿದ ದಳವನ್ನು ಬೇರೆಡೆ ಒಯ್ಯಬೇಕಾದರೆ 'ರಾಜಕೀಯ ಅಂಕ' ಖರ್ಚು ಮಾಡಬೇಕು. ಮಂಚೂರಿಯಾದಲ್ಲಿ ಜಪಾನ್ ಸಾಕಷ್ಟು ಕಾವಲು ಸೇನೆ ಇಡದಿದ್ದರೆ ಸೋವಿಯತ್ ರಷ್ಯಾ ಯುದ್ಧಕ್ಕೆ ಇಳಿಯುತ್ತದೆ. ಜಪಾನ್ ಭಾರತದ ಒಳಕ್ಕೆ ಬಹಳ ನುಗ್ಗಿದರೆ ಮಿತ್ರಪಕ್ಷಕ್ಕೆ ತುರ್ತು ಸೇನೆ ಬರುತ್ತದೆ. ಗಮನಿಸಿ, ಭಾರತದ ಮೇಲೆ ದಾಳಿ ಆದರೆ ಅಲ್ಲಿ ಹುಟ್ಟುವುದು ಇನ್ನಷ್ಟು ಬ್ರಿಟಿಷ್ ಸೇನೆ, ಭಾರತೀಯರ ಅಭಿಪ್ರಾಯವಲ್ಲ.

ಮಾರ್ಕ್ ಹರ್ಮನ್ ರೂಪಿಸಿದ 'ಎಂಪೈರ್ ಆಫ್ ದ ಸನ್' (2005) ಎಂಬ ಮೇಜಿನಾಟ ಇದಕ್ಕಿಂತ ಬಹಳ ಮುಂದೆ ಹೋಗಿದೆ. ಅಮೆರಿಕದ 'ರಾಜಕೀಯ ಸಂಕಲ್ಪ'ಕ್ಕೆ ಅಲ್ಲೊಂದು ಅಳತೆಪಟ್ಟಿ ಇದೆ. ಅದು ಸೊನ್ನೆಗೆ ಇಳಿದರೆ ಅಮೆರಿಕ ಸಂಧಾನಕ್ಕೆ ಕೂರುತ್ತದೆ, ಜಪಾನ್ ಗೆದ್ದಂತೆ. ಭಾರತ, ಆಸ್ಟ್ರೇಲಿಯಾ, ಚೀನಾ ಕೈಬಿಟ್ಟರೆ ಆ ಸಂಕಲ್ಪ ಕುಸಿಯುತ್ತದೆ. ಮಿತ್ರಪಕ್ಷ ಮುಂದೆ ಸಾಗದೆ ಸುಮ್ಮನೆ ಕೂತರೂ ಕುಸಿಯುತ್ತದೆ. ಇದರಲ್ಲಿ ಹುರುಳಿದೆ ಎನ್ನಲು ಇತಿಹಾಸದಲ್ಲೇ ಸಾಕ್ಷಿ ಸಿಗುತ್ತದೆ. 1944ರ ಜುಲೈ 9ರಂದು ಸೈಪಾನ್ ದ್ವೀಪ ಅಮೆರಿಕದ ಕೈಸೇರಿತು, 18ರಂದು ಟೋಜೊ ಪ್ರಧಾನಿ ಪಟ್ಟ ಬಿಟ್ಟರು. ದಾಳಿ ಒಂದು ಕಡೆ, ಸರ್ಕಾರ ಬಿದ್ದದ್ದು ಇನ್ನೊಂದು ಕಡೆ. ಇಂಥದ್ದು ಅಳತೆಪಟ್ಟಿಗೆ ಸಿಗುತ್ತದೆ.

ಸಿಗದೇ ಇರುವುದು ಆಕ್ರಮಣಕ್ಕೊಳಗಾದ ಊರಿನ ಮನಸ್ಸು. ಫಿಲಿಪೀನ್ಸಿಗೆ 1946ರಲ್ಲಿ ಸ್ವಾತಂತ್ರ್ಯ ಕೊಡುತ್ತೇವೆಂದು ಅಮೆರಿಕ 1934ರಲ್ಲೇ ಕಾಯ್ದೆ ಮಾಡಿತ್ತು. ಹಾಗಾಗಿ ಜಪಾನ್ ಅಲ್ಲಿಗೆ 'ವಿಮೋಚಕ'ನಾಗಿ ಬಂದಾಗ ಹೊಸದಾಗಿ ಕೊಡಲು ಹೆಚ್ಚೇನೂ ಇರಲಿಲ್ಲ, ಸಾವಿರಾರು ಜನ ಗೆರಿಲ್ಲಾಗಳಾದರು. ಬರ್ಮಾದಲ್ಲಿ ಅಂಥ ಮಾತು ಯಾರೂ ಕೊಟ್ಟಿರಲಿಲ್ಲ. ಆಂಗ್ ಸಾನ್ ಮತ್ತು ಅವರ ಸಂಗಡಿಗರು ಜಪಾನಿನ ಜೊತೆಯಲ್ಲೇ ಊರೊಳಗೆ ಬಂದರು. 1943ರ ಆಗಸ್ಟ್ 1ರಂದು 'ಸ್ವಾತಂತ್ರ್ಯ' ಸಿಕ್ಕಿತು. ಅದರ ಬೆಲೆ ಏನೆಂದು ತಿಳಿಯಲು ಅವರಿಗೆ ಹೆಚ್ಚು ದಿನ ಬೇಕಾಗಲಿಲ್ಲ. 1945ರ ಮಾರ್ಚ್ 27ರಂದು ಅದೇ ಸೈನ್ಯ ಜಪಾನಿನ ಮೇಲೆ ತಿರುಗಿಬಿತ್ತು. ಅದೇ ಜನ, ಅದೇ ನೆಲ, ಮೂರು ವರ್ಷದಲ್ಲಿ ಎರಡು ಉತ್ತರ. ನಕ್ಷೆಯ ಮೇಲೆ ಇಷ್ಟೂ ದಿನ ರಂಗೂನಿನ ಮನೆಯ ಬಣ್ಣ ಬದಲಾಗಿರುವುದಿಲ್ಲ.

ಭಾರತದ ವಿಷಯ ಇನ್ನೂ ಜಟಿಲ. ನಮ್ಮಲ್ಲಿ ಎಲ್ಲವೂ ಆದದ್ದು ದಾಳಿಗೆ ಮೊದಲು. ಮಾರ್ಚ್ 8ರಂದು ರಂಗೂನ್ ಬಿತ್ತು. ತಿಂಗಳು ಮುಗಿಯುವ ಮುನ್ನ ಕ್ರಿಪ್ಸ್ ದೆಹಲಿಯಲ್ಲಿದ್ದರು. ವಿಶಾಖಪಟ್ಟಣಕ್ಕೆ ಬಾಂಬು ಬಿದ್ದದ್ದು ಆ ಮಾತುಕತೆಯ ನಡುವೆಯೇ. ಮಾತುಕತೆ ಮುರಿಯಿತು. ಆಗಸ್ಟ್ 8ರಂದು 'ಕ್ವಿಟ್ ಇಂಡಿಯಾ'. 1857ರ ನಂತರ ಇಂಥ ದಂಗೆ ಆಗಿಲ್ಲವೆಂದು ವೈಸರಾಯ್ ಲಿನ್‌ಲಿತ್‌ಗೋ ಚರ್ಚಿಲ್‌ಗೆ ತಿಳಿಸಿದರು. ಅದನ್ನು ಹತ್ತಿಕ್ಕಲು ಸುಮಾರು 57 ಬೆಟಾಲಿಯನ್ ಬೇಕಾಯಿತು. ಜಪಾನಿನ ಒಬ್ಬ ಸಿಪಾಯಿಯೂ ಅಸ್ಸಾಮಿನ ಗಡಿ ದಾಟದ ಹೊತ್ತಿನಲ್ಲಿ, ಬರ್ಮಾ ಗಡಿಗೆ ಹೋಗಬಹುದಾಗಿದ್ದ ಸೈನ್ಯ ದೇಶದೊಳಗಿನ ರೈಲು ಹಳಿ ಕಾಯುತ್ತಿತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿದ್ದು ಆ ವರ್ಷವೇ. ಮರುವರ್ಷ ಅಲ್ಲಿನ ಐವರನ್ನು ಗಲ್ಲಿಗೇರಿಸಿದರು. ಆಟದಲ್ಲಿ ಇದಕ್ಕೆಲ್ಲ ಸಿಗುವುದು ಹೆಚ್ಚೆಂದರೆ 'ಅಶಾಂತಿ' ಎಂಬ ಒಂದೇ ಗುರುತು. ನಮ್ಮಂಥ ತಾಲ್ಲೂಕು ಸ್ಟ್ರಿಂಗರುಗಳ ಅರ್ಧ ಪುಟದ ವರದಿ ಡೆಸ್ಕಿನಲ್ಲಿ 'ಪರಿಸ್ಥಿತಿ ಉದ್ವಿಗ್ನ' ಎಂಬ ಎರಡು ಪದವಾಗುತ್ತದಲ್ಲ, ಹಾಗೆ.

ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಬಂಗಾಳದ ದೋಣಿಗಳು. ಜಪಾನ್ ಸಮುದ್ರದ ಕಡೆಯಿಂದ ಬಂದರೆ ಅವರ ಕೈಗೆ ಏನೂ ಸಿಗಬಾರದೆಂದು 1942ರಲ್ಲಿ ಸರ್ಕಾರ 'ನಿರಾಕರಣೆ ನೀತಿ' ತಂದಿತು. ಕರಾವಳಿ ಜಿಲ್ಲೆಗಳಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ಕಿತ್ತುಕೊಂಡರು, ಒಡೆದರು, ಸುಟ್ಟರು. ಹೀಗೆ ಹೋದದ್ದು ಸುಮಾರು 46 ಸಾವಿರ ದೋಣಿ. 'ಹೆಚ್ಚುವರಿ' ಎಂದು ಅಕ್ಕಿಯನ್ನೂ ಎತ್ತಿದರು. ನದಿಯೇ ರಸ್ತೆಯಾದ ನಾಡಿನಲ್ಲಿ ದೋಣಿ ಹೋದರೆ ಮೀನಿಲ್ಲ, ಸಂತೆಯಿಲ್ಲ, ಆಚೆ ದಡದ ಗದ್ದೆಗೆ ದಾರಿಯಿಲ್ಲ. ಬರ್ಮಾದ ಅಕ್ಕಿ ನಿಂತುಹೋಗಿತ್ತು, ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು, ಬೆಲೆ ಗಗನಕ್ಕೇರಿತು. 1943ರ ಬರಗಾಲಕ್ಕೆ ಸತ್ತವರು ಸರ್ಕಾರಿ ವಿಚಾರಣಾ ಆಯೋಗದ ಲೆಕ್ಕದಲ್ಲಿ 15 ಲಕ್ಷ, ನಂತರದ ಹಲವು ವಿದ್ವಾಂಸರ ಲೆಕ್ಕದಲ್ಲಿ 30 ಲಕ್ಷದ ಆಸುಪಾಸು. ಬರಗಾಲಕ್ಕೆ ದೋಣಿ ಒಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಒಂದು.

ಆಟ ಕಟ್ಟುವವರಿಗೆ ಇದು ಕಷ್ಟವೇನಲ್ಲ. ರಂಗೂನ್ ಬಿದ್ದ ಸರದಿಯಲ್ಲಿ ಮಿತ್ರಪಕ್ಷದ ಆಟಗಾರನ ಮುಂದೆ ಒಂದು ಕಾರ್ಡು ಇಡಲಿ: ದೋಣಿ ಒಡೆಯುತ್ತೀಯೋ ಬಿಡುತ್ತೀಯೋ? ಒಡೆದರೆ ಕರಾವಳಿ ಭದ್ರ, ಆದರೆ ಹನ್ನೆರಡು ತಿಂಗಳ ನಂತರ ಅಸ್ಸಾಮಿಗೆ ಹೋಗುವ ರೈಲುಗಳಲ್ಲಿ ಮದ್ದುಗುಂಡಿನ ಜಾಗಕ್ಕೆ ಅಕ್ಕಿ ತುಂಬಬೇಕು, ಇಲ್ಲವೇ ಜನ ಸಾಯುವುದನ್ನು ನೋಡುತ್ತ ಕೂರಬೇಕು. ಆಸ್ಟ್ರೇಲಿಯಾಕ್ಕೂ ಇಂಥದ್ದೊಂದು ಕಾರ್ಡು ಬೇಕು. 1942ರ ಫೆಬ್ರವರಿಯಲ್ಲಿ ಮರಳುತ್ತಿದ್ದ ಆಸ್ಟ್ರೇಲಿಯನ್ ಸೈನ್ಯವನ್ನು ಬರ್ಮಾಕ್ಕೆ ಕಳಿಸೆಂದು ಚರ್ಚಿಲ್ ಹಠ ಹಿಡಿದರು. ಪ್ರಧಾನಿ ಕರ್ಟಿನ್ ಆಗದೆಂದರು. ಬಿಲ್ಲೆಯೇ ಆಟಗಾರನಿಗೆ 'ಬರುವುದಿಲ್ಲ' ಎಂದ ಹಾಗೆ.

ಇನ್ನೊಂದು ತೊಡಕು, ಆಟ ಮುಗಿಯುವ ದಿನ. ಜಪಾನ್ ಶರಣಾದರೆ ಅಂಕ ಎಣಿಸಿ ನಕ್ಷೆ ಮಡಚುತ್ತಾರೆ. 1945ರ ಆಗಸ್ಟ್ 15ರಂದು ಜಪಾನ್ ಸೋಲೊಪ್ಪಿತು, 17ರಂದು ಸುಕಾರ್ನೊ ಮತ್ತು ಹತ್ತಾ ಇಂಡೋನೇಷ್ಯಾದ ಸ್ವಾತಂತ್ರ್ಯ ಘೋಷಿಸಿದರು. 1942ರ ಆಕ್ರಮಣ ಡಚ್ಚರ ಆಳ್ವಿಕೆಯನ್ನು ಕಿತ್ತೊಗೆದಿತ್ತು, ಅವರು ಮರಳುವುದು ಅಲ್ಲಿನ ಜನಕ್ಕೆ ಬೇಡವಾಗಿತ್ತು. ಜಾವಾಕ್ಕೆ ಇಳಿದದ್ದು ಬ್ರಿಟಿಷರ ಕೈಕೆಳಗಿನ ಭಾರತೀಯ ದಳಗಳು. ಅಕ್ಟೋಬರ್ ಕೊನೆಗೆ ಸುರಬಾಯಾದಲ್ಲಿ 49ನೇ ಭಾರತೀಯ ಬ್ರಿಗೇಡನ್ನು ಊರಿನ ಜನ ಸುತ್ತುವರಿದರು, ಬ್ರಿಗೇಡಿಯರ್ ಮ್ಯಾಲಬಿ ಸತ್ತರು, ನವೆಂಬರ್ 10ರಿಂದ ಬೀದಿ ಬೀದಿಯಲ್ಲಿ ಕಾದಾಟ. ಆ ಬ್ರಿಗೇಡಿನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯವರಿದ್ದರು. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ.