ಪ್ರೇಮಪತ್ರಕ್ಕೆ ಬಾಲ ಇತ್ತು

ಹಂಪನಕಟ್ಟೆಯ ಮಾಳಿಗೆ ರೂಮಲ್ಲಿ ಕೂತು ಮಾತಾಡ್ತಿದ್ದೇನೆ, ಬಸ್ಸಿನ ಹಾರ್ನ್ ಕೇಳಿದ್ರೆ ಸಹಿಸ್ಕೊಳ್ಳಿ.

ಬಿ.ಕಾಂ. ಮುಗಿಸಿ ಇಲ್ಲೇ ಹತ್ತಿರದ ಒಂದು ಆಡಿಟ್ ಆಫೀಸಲ್ಲಿದ್ದೆ. ಜಿಎಸ್‌ಟಿ ರಿಟರ್ನಿನ ಗಡಿಬಿಡಿಯ ಒಂದು ಸಂಜೆ, ಪರಿಚಯದ ಗಿರಾಕಿಯ ಹೆಸರಲ್ಲಿ ಮೇಲ್ ಬಂತು. ಜೊತೆಗೆ 'ಬಿಲ್' ಅಂತ ಒಂದು ಫೈಲು. ಒತ್ತಿದೆ. ಸ್ವಲ್ಪ ಹೊತ್ತಲ್ಲಿ ಆಫೀಸಿನ ಫೈಲುಗಳೆಲ್ಲ ಲಾಕ್! ಬ್ಯಾಕಪ್ ಎರಡು ತಿಂಗಳು ಹಳೇದು. ಮೂರು ಜನ ಹದಿನೈದು ದಿನ ವೋಚರ್ ಹಿಡ್ಕೊಂಡು ಟ್ಯಾಲಿಗೆ ಮತ್ತೆ ಎಂಟ್ರಿ ಹಾಕಿದೆವು. ಸರ್ ಒಂದು ಮಾತೂ ಬೈಯಲಿಲ್ಲ ಮಾರಾಯ್ರೆ, ಅದೇ ಹೆಚ್ಚು ಚುಚ್ಚಿದ್ದು. ಈ ಮೋಸ ಎಷ್ಟು ಹಳೇದು ಅಂತ ಆಮೇಲೆ ಹುಡುಕಿದೆ.

ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಮರುವರ್ಷ, ಬೆಂಗಳೂರಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಶುರು ಮಾಡಿದರು. ಮೇಲ್ ಪುಕ್ಕಟೆ ಆಯ್ತು. ಅದರ ಬೆನ್ನಿಗೇ ಕಳ್ಳರೂ ಬಂದರು. 1999ರ ಮಾರ್ಚಲ್ಲಿ ಮೆಲಿಸ್ಸಾ ವೈರಸ್ ವರ್ಡ್ ಫೈಲಲ್ಲಿ ಅಡಗಿ ಬಂದು, ಅಡ್ರೆಸ್ ಬುಕ್ಕಿನ ಮೊದಲ 50 ಜನರಿಗೆ ತನ್ನನ್ನೇ ಕಳಿಸಿಕೊಳ್ತಿತ್ತು.

2000ದ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟದ್ದು 'ಐ ಲವ್ ಯೂ'. ಫೈಲಿನ ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಅಂತ ಕಾಣ್ತಿತ್ತು, ಅಂದರೆ ಬರೀ ಪತ್ರ. ನಿಜವಾದ ಬಾಲ 'ವಿಬಿಎಸ್', ಅಂದರೆ ಓಡುವ ಪ್ರೋಗ್ರಾಂ. ವಿಂಡೋಸ್ ಆ ಬಾಲವನ್ನು ತಾನಾಗಿಯೇ ಮುಚ್ಚಿಡ್ತಿತ್ತು. ಪರಿಚಯದವರ ಹೆಸರು ನೋಡಿ ಜನ ಒತ್ತಿದರು, ಫೋಟೋಗಳು ಅಳಿಸಿಹೋದವು. ಬ್ರಿಟನ್ನಿನ ಸಂಸತ್ತೇ ಮೇಲ್ ನಿಲ್ಲಿಸಬೇಕಾಯ್ತು.

ಬರೆದವನು ಸಿಕ್ಕಿದರೂ ಶಿಕ್ಷೆ ಆಗಲಿಲ್ಲ. ಅಲ್ಲಿ ಆಗ ಅದಕ್ಕೆ ಕಾನೂನೇ ಇರಲಿಲ್ಲ. ನಮ್ಮಲ್ಲಿ ಮಸೂದೆ ಮೊದಲೇ ತಯಾರಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಅಕ್ಟೋಬರ್ 17ಕ್ಕೆ ಜಾರಿ. ವೈರಸ್ ಬಿಟ್ಟವರಿಂದ 1 ಕೋಟಿ ರೂಪಾಯಿವರೆಗೆ ಪರಿಹಾರ ಅಂತ 43ನೇ ಸೆಕ್ಷನ್ ಹೇಳಿತು.

ಆದರೆ ಕಳ್ಳ ಯಾವ ದೇಶದಲ್ಲಿದ್ದಾನೆ ಅಂತಲೇ ಗೊತ್ತಿಲ್ಲದಿದ್ದರೆ ಪರಿಹಾರ ಕೇಳೋದು ಯಾರ ಹತ್ರ? ಹಾಗಾಗಿ ನನ್ನ ಕಾನೂನು ಮೂರೇ: ಫೈಲಿನ ಪೂರ್ತಿ ಹೆಸರು ಕಾಣುವ ಹಾಗೆ ಸೆಟ್ಟಿಂಗ್ ಇಡೋದು. ಕೇಳದೇ ಬಂದ ಬಿಲ್ಲಿಗೆ ಗಿರಾಕಿಗೇ ಫೋನ್ ಮಾಡೋದು. ದಿನಾ ಬ್ಯಾಕಪ್ ತೆಗೆದು ಡಿಸ್ಕ್ ಕಳಚಿಡೋದು.

ಒಂದು ಫೋನಿಗೆ ಒಂದು ನಿಮಿಷ ಸಾಕಿತ್ತು. ನಾನು ಮಾಡಲಿಲ್ಲ. ನೀವು ಮಾಡಿ. ಮುಂದಿನ ವಾರ ಸಿಗೋಣ.