ಹಿಂದಿನ ಬೆಂಚಿಗೆ ಬಂದ ಅನುದಾನ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಮರದ ಹಲಗೆ ಇದೆ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಶಾಲೆಗೆ ಪ್ರಥಮ ಸ್ಥಾನ ಪಡೆದವರ ಹೆಸರು ಮತ್ತು ಅಂಕಗಳನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯಲಾಗಿದೆ. ಸ್ಮರಣ ಸಂಚಿಕೆಯ ಸಮಿತಿಯವರು ಮನೆಗೆ ಬಂದು, "ಮೇಷ್ಟ್ರೇ, ಶಾಲೆಯ ಶೈಕ್ಷಣಿಕ ಸಾಧನೆಯ ಇತಿಹಾಸ ಬರೆದುಕೊಡಿ" ಎಂದಾಗ ಮೊದಲು ನೆನಪಾದದ್ದು ಆ ಹಲಗೆಯೇ. ಆದರೆ ಅದರಲ್ಲಿರುವವರ ಬಗ್ಗೆ ಬರೆಯಲು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಹಲಗೆಯ ಮೇಲೆ ಎಂದೂ ಹೆಸರು ಬಾರದ ಮಕ್ಕಳ ಬಗ್ಗೆ ಬರೆಯುವವರು ಕಡಿಮೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಸರ್ಕಾರ ಯಾವಾಗ ಹಣ ಕೊಡಲು ಆರಂಭಿಸಿತು, ಆ ಹಣ ಯಾವ ದಾರಿಯಲ್ಲಿ ನಮ್ಮಂಥ ಹಳ್ಳಿಯ ಪ್ರೌಢಶಾಲೆಗೆ ತಲುಪಿತು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಈ ಲೇಖನದಲ್ಲಿ ನನಗೆ ತಿಳಿದಮಟ್ಟಿಗೆ ದಾಖಲಿಸಲು ಪ್ರಯತ್ನಿಸಿದ್ದೇನೆ.

ಗೆದ್ದವರಿಗೆ ಮಾತ್ರ ಅನುದಾನ

ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ವ್ಯವಸ್ಥಿತವಾಗಿ ಆರಂಭವಾದದ್ದು 1854ರ ವುಡ್ ಅವರ ಶಿಕ್ಷಣ ನಿರೂಪದಿಂದ. ಆನಂತರದ ದಶಕಗಳಲ್ಲಿ ಮದ್ರಾಸ್ ಮತ್ತು ಮುಂಬೈ ಪ್ರಾಂತ್ಯಗಳಲ್ಲಿ 'ಫಲಿತಾಂಶಕ್ಕೆ ತಕ್ಕಷ್ಟು ಹಣ' ಎಂಬ ಪದ್ಧತಿ ಚಾಲ್ತಿಗೆ ಬಂತು. ಇಂದಿನ ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮಂಗಳೂರು ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ತನಿಖಾಧಿಕಾರಿ ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು, ಎಷ್ಟು ಮಕ್ಕಳು ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ ಸಿಗುತ್ತಿತ್ತು. ಈ ಲೆಕ್ಕದಲ್ಲಿ ಹಿಂದುಳಿದ ಮಗು ಶಾಲೆಗೆ ನಷ್ಟವೇ. ಅದಕ್ಕೆ ಹೆಚ್ಚು ಸಮಯ ಕೊಟ್ಟರೆ ಉಪಾಧ್ಯಾಯರಿಗೆ ಲಾಭವಿಲ್ಲ. ಅದು ಶಾಲೆ ಬಿಟ್ಟರೆ ಚಿಂತೆಯೂ ಇಲ್ಲ. ಆ ಪದ್ಧತಿ ಎಂದೋ ಹೋಯಿತು. ಆದರೆ ಶಾಲೆಯನ್ನು ಫಲಿತಾಂಶದ ಶೇಕಡಾವಾರಿನಿಂದಲೇ ಅಳೆಯುವ ಅಭ್ಯಾಸ ನಮ್ಮಲ್ಲಿ ಪೂರ್ತಿ ಹೋಗಿಲ್ಲ.

ಸ್ವಾತಂತ್ರ್ಯಾನಂತರ ಡಾ. ಡಿ.ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ಎರಡು ಪಿಡುಗುಗಳನ್ನು ಒತ್ತಿ ಹೇಳಿತು. ಒಂದು, ಮಗು ಶಾಲೆಯನ್ನು ಅರ್ಧಕ್ಕೆ ಬಿಡುವುದು; ಇನ್ನೊಂದು, ಒಂದೇ ತರಗತಿಯಲ್ಲಿ ಮತ್ತೆ ಮತ್ತೆ ಕೂರುವುದು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವೆಚ್ಚ ಮಾಡಬೇಕೆಂದು ಆಯೋಗ ಹೇಳಿದ ಮಾತನ್ನು ಇಂದಿಗೂ ಎಲ್ಲ ವೇದಿಕೆಗಳಲ್ಲಿ ಕೇಳುತ್ತೇವೆ.

ನಮ್ಮ ಶಾಲೆಯ ಮೊದಲ ವರ್ಷಗಳು

ನಮ್ಮ ಶಾಲೆ ಹುಟ್ಟಿದ್ದು ಇಂಥ ಕಾಲದಲ್ಲಿ. ಆಗ ಸರ್ಕಾರದ ಹಣವೆಂದರೆ ಉಪಾಧ್ಯಾಯರ ಸಂಬಳ, ಸ್ವಲ್ಪ ಸಾದಿಲ್ವಾರು, ಅದೃಷ್ಟವಿದ್ದರೆ ಒಂದು ಕೊಠಡಿ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ದಾಟಿ ಬಂದವರೇ ಇಲ್ಲಿಗೆ ಸೇರುತ್ತಿದ್ದರು. ಅವರಲ್ಲೂ ಎಂಟನೇ ತರಗತಿಯಲ್ಲಿ ಒಮ್ಮೆ, ಒಂಬತ್ತರಲ್ಲಿ ಇನ್ನೊಮ್ಮೆ ನಪಾಸಾದವರು ಮರುವರ್ಷ ದನದ ಹಿಂದೆಯೋ ನೇಗಿಲಿನ ಹಿಂದೆಯೋ ಕಾಣಿಸುತ್ತಿದ್ದರು. ಹೆಣ್ಣುಮಕ್ಕಳಾದರೆ ಮದುವೆಯ ಕರೆಯೋಲೆ ಬರುತ್ತಿತ್ತು.

ಹಿಂದುಳಿದ ಮಕ್ಕಳಿಗೆ ಆಗ ನೆರವೇ ಇರಲಿಲ್ಲವೆಂದಲ್ಲ. ಊರಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದ ಉಪಾಧ್ಯಾಯರು ಮಾರ್ಚ್ ಪರೀಕ್ಷೆಗೆ ಎರಡು ತಿಂಗಳ ಮೊದಲು ಹತ್ತನೇ ತರಗತಿಯ ಹುಡುಗರನ್ನು ಶಾಲೆಯಲ್ಲೇ ಮಲಗಿಸಿಕೊಂಡು ಓದಿಸುತ್ತಿದ್ದರು. ಅನುದಾನ ಇರಲಿಲ್ಲ; ಊರಿನವರು ಕೊಟ್ಟ ಲಾಟೀನು, ಸೀಮೆಎಣ್ಣೆ ಇತ್ತು. ಆ ಉಪಾಧ್ಯಾಯರ ಋಣ ದೊಡ್ಡದು. ಆದರೆ ಅದು ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಂತಿತ್ತು. ಅವರಿಗೆ ವರ್ಗವಾದರೆ ಲಾಟೀನೂ ಆರಿಹೋಗುತ್ತಿತ್ತು. ಮತ್ತೆ, ಹುಡುಗಿಯರು ರಾತ್ರಿ ಶಾಲೆಗೆ ಬರುವಂತಿರಲಿಲ್ಲ.

ನಲಿ-ಕಲಿ ತೋರಿಸಿದ ಏಣಿ

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಬೆನ್ನಿಗೇ ಬಂದ 'ಆಪರೇಷನ್ ಬ್ಲ್ಯಾಕ್ ಬೋರ್ಡ್' ಯೋಜನೆ ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಕಲಿಕೋಪಕರಣ ಮತ್ತು ಎರಡನೆಯ ಉಪಾಧ್ಯಾಯರನ್ನು ಕೊಡುವ ಮಾತಾಡಿದವು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ನಮ್ಮ ರಾಜ್ಯದಲ್ಲಿ ಮೊದಲಿಗೆ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾದವು. ಶಾಲೆಯ ಕಟ್ಟಡದ ಜೊತೆಗೆ ಮಗು ಏನು ಕಲಿಯಿತು ಎಂಬುದಕ್ಕೂ ಹಣ ಒದಗಿಸುವ ಯೋಚನೆ ಆಗ ಬಲವಾಯಿತು.

ಅದೇ ಹೊತ್ತಿಗೆ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಅದನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ರೂಪಿಸಿದರು. ಪಾಠಗಳ ಬದಲು ಕಲಿಕಾ ಏಣಿ, ಮೈಲಿಗಲ್ಲುಗಳು, ಕಾರ್ಡುಗಳು. ಮಕ್ಕಳು ಕೂರುವುದು ಗುಂಪುಗಳಲ್ಲಿ: ಪೂರ್ತಿ ಶಿಕ್ಷಕರ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಯ ಬೆಂಬಲದಿಂದ ಕಲಿಯುವವರು, ತಾವಾಗಿಯೇ ಕಲಿಯುವವರು. ಇಂದು ಹಂತ ಹಂತದ ನೆರವು ಎಂದು ಯಾವುದನ್ನು ಕರೆಯುತ್ತೇವೆಯೋ ಅದರ ಮೂಲರೂಪ ಇದೇ. ಒಂದು ಮಾತನ್ನು ಗಮನಿಸಬೇಕು. ಅಲ್ಲಿ ಯಾವ ಮಗುವೂ ಒಂದು ಗುಂಪಿಗೆ ಖಾಯಂ ಅಲ್ಲ. ಈ ಕಾರ್ಡಿಗೆ ಶಿಕ್ಷಕರ ಹತ್ತಿರ ಕುಳಿತ ಮಗು ಮುಂದಿನ ಕಾರ್ಡಿಗೆ ಗೆಳತಿಯ ಹತ್ತಿರ ಹೋಗುತ್ತದೆ. ಇದನ್ನು ಪ್ರೌಢಶಾಲೆಯವರಾದ ನಾವು ತಡವಾಗಿ ಅರ್ಥಮಾಡಿಕೊಂಡೆವು.

ಸೇತುಬಂಧದಿಂದ ಕಾಯ್ದೆಯವರೆಗೆ

2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂತು. ಪ್ರಾಥಮಿಕ ಶಾಲೆಗಳಿಗೆ ಶಾಲಾ ಅನುದಾನ, ದುರಸ್ತಿ ಅನುದಾನ, ಪ್ರತಿ ಶಿಕ್ಷಕರಿಗೆ ಕಲಿಕೋಪಕರಣಕ್ಕೆಂದು ವರ್ಷಕ್ಕೆ 500 ರೂಪಾಯಿ ಸಿಗತೊಡಗಿತು. ಅದೇ ವರ್ಷ ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಶಾಲೆಗೆ ಬಂದ ಹಣದ ಲೆಕ್ಕವನ್ನು ತಂದೆತಾಯಿಯರು ಕೇಳುವ ಕಾಲ ಬಂತು. ಶಾಲೆ ಬಿಟ್ಟ ಮಕ್ಕಳಿಗೆ 'ಚಿಣ್ಣರ ಅಂಗಳ' ತೆರೆಯಿತು. ಬಿಸಿಯೂಟವು 2007ರಲ್ಲಿ ಪ್ರೌಢಶಾಲೆಗೂ ವಿಸ್ತರಿಸಿತು. ಊಟಕ್ಕೂ ಹಿಂದುಳಿಯುವಿಕೆಗೂ ಏನು ಸಂಬಂಧ ಎಂದು ಕೇಳುವವರು ಮಧ್ಯಾಹ್ನದ ನಂತರದ ಗಣಿತದ ತರಗತಿಯನ್ನು ತೆಗೆದುಕೊಂಡು ನೋಡಬೇಕಿತ್ತು.

ಜೂನ್ ತಿಂಗಳ 'ಸೇತುಬಂಧ' ಎಲ್ಲ ಶಿಕ್ಷಕರಿಗೂ ಪರಿಚಿತ. ಹಿಂದಿನ ತರಗತಿಯ ಬುನಾದಿ ಸಾಮರ್ಥ್ಯಗಳ ಮೇಲೆ ಪೂರ್ವ ಪರೀಕ್ಷೆ, ಕೆಲವು ವಾರಗಳ ಬೋಧನೆ, ಬಳಿಕ ಸಾಫಲ್ಯ ಪರೀಕ್ಷೆ. ಅದರಲ್ಲೂ ಹಿಂದೆ ಬಿದ್ದವರಿಗೆ ವರ್ಷವಿಡೀ ಪರಿಹಾರ ಬೋಧನೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿತು. ಪ್ರತಿ ಮಗುವಿನ ಕಲಿಕೆಯ ಮಟ್ಟವನ್ನು ಅರಿತು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಮಾಡುವುದು ಶಿಕ್ಷಕರ ಕರ್ತವ್ಯವೆಂದು ಅದರ 24ನೇ ಪ್ರಕರಣ ಹೇಳುತ್ತದೆ. ಎಂಟನೇ ತರಗತಿಯವರೆಗೆ ಅನುತ್ತೀರ್ಣಗೊಳಿಸಬಾರದು ಎಂಬ ನಿಯಮ ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯಿತು. ಹೆಚ್ಚುವರಿ ಬೋಧನೆ ಮಾಡಬೇಕು ಎಂಬುದನ್ನು ಹಲವರು ಮರೆತರು. ಎರಡೂ ಒಂದೇ ಗಾಡಿಯ ಎರಡು ಗಾಲಿಗಳು.

ರಮ್ಸಾ ಹಣ ಮತ್ತು ನಮ್ಮ ಮೂರು ಪಟ್ಟಿಗಳು

ಪ್ರೌಢಶಾಲೆಗಳ ಪಾಲಿಗೆ ದೊಡ್ಡ ಬದಲಾವಣೆ ತಂದದ್ದು 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ನಮ್ಮ ಮಾತಿನ 'ರಮ್ಸಾ'. ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಪ್ರತಿ ಸರ್ಕಾರಿ ಪ್ರೌಢಶಾಲೆಗೆ ವರ್ಷಕ್ಕೆ 50,000 ರೂಪಾಯಿಗಳ ಶಾಲಾ ಅನುದಾನ. ಪ್ರಯೋಗಾಲಯದ ಸಾಮಗ್ರಿ, ಪುಸ್ತಕ, ವಿದ್ಯುತ್, ನೀರು ಎಲ್ಲವೂ ಇದರಲ್ಲೇ. ಲಾಟೀನಿನ ಕಾಲ ಕಂಡ ನಮಗೆ ಅದು ದೊಡ್ಡ ಮೊತ್ತ.

ಆ ವರ್ಷಗಳಲ್ಲಿ ನಾವೂ ಇಲಾಖೆಯ ಸೂಚನೆಯಂತೆ ಮಕ್ಕಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿದೆವು. ಎಲ್ಲರಿಗೂ ತರಗತಿಯ ಪಾಠ. ಬಿ ಗುಂಪಿಗೆ ಬೆಳಿಗ್ಗೆ ವಿಶೇಷ ತರಗತಿ. ಸಿ ಗುಂಪಿನ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರು ನಾಲ್ಕೈದು ಮಂದಿಯಂತೆ 'ದತ್ತು' ಪಡೆದು ಮನೆ ಭೇಟಿ, ನಸುಕಿನ ಫೋನ್ ಕರೆ, ಸಂಜೆಯ ಓದು ಮಾಡಿಸುವುದು. ಅನುದಾನದಲ್ಲಿ ಅಭ್ಯಾಸ ಹಾಳೆಗಳ ಜೆರಾಕ್ಸ್ ಮಾಡಿಸಿದೆವು, ಸಣ್ಣ ಕಥೆಪುಸ್ತಕಗಳನ್ನು ಕೊಂಡೆವು.

ಆ ಪುಸ್ತಕಗಳಿಂದ ಒಂದು ಸಂಗತಿ ಬೆಳಕಿಗೆ ಬಂತು. ನಾನು ದತ್ತು ಪಡೆದ ಒಬ್ಬ ಹುಡುಗಿ ಕನ್ನಡ ಪಾಠವನ್ನು ತಡೆಯಿಲ್ಲದೆ ಓದುತ್ತಿದ್ದಳು. ಹೊಸ ಕಥೆಪುಸ್ತಕ ಕೊಟ್ಟರೆ ಸುಮ್ಮನೆ ನಿಂತಳು. ಪಾಠದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿಂದ ಓದಮ್ಮ" ಎಂದೆ. ಆಗಲಿಲ್ಲ. ಇಡೀ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಒತ್ತಕ್ಷರ ಬಂದರೆ ಓದು ನಿಲ್ಲುತ್ತಿತ್ತು. ಒಂಬತ್ತು ವರ್ಷ ಶಾಲೆಯಲ್ಲಿ ಯಾರೂ ಇದನ್ನು ಗಮನಿಸಿರಲಿಲ್ಲ. ಗಣಿತದವನಾದ ನಾನು ಕನ್ನಡ ಪಂಡಿತರ ನೆರವಿನಿಂದ ದಿನಕ್ಕೆ ಇಪ್ಪತ್ತು ನಿಮಿಷ ಅವಳೊಂದಿಗೆ ಕುಳಿತೆ. ದಸರಾ ರಜೆ ಮುಗಿಯುವ ಹೊತ್ತಿಗೆ ಅವಳು ನಿಧಾನವಾಗಿ, ಆದರೆ ನಿಜವಾಗಿ ಓದುತ್ತಿದ್ದಳು. ಖರ್ಚಾದದ್ದು ನಾಲ್ಕು ಕಥೆಪುಸ್ತಕದ ಹಣ ಮತ್ತು ಇಪ್ಪತ್ತು ನಿಮಿಷ.

ಇನ್ನೊಂದು ಘಟನೆಯನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಮೂರು ಗುಂಪುಗಳ ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿದವನು ನಾನೇ. "ಸಿ ಗುಂಪಿನವರು ಎದ್ದು ನಿಲ್ಲಿ" ಎಂದು ಕರೆದವನೂ ನಾನೇ. ಒಬ್ಬ ಹುಡುಗ ಒಂದು ವಾರ ಎದ್ದು ನಿಂತ, ಮುಂದಿನ ವಾರದಿಂದ ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತಿದ್ದ. ಎಷ್ಟೋ ವರ್ಷಗಳ ನಂತರ ತಾಲ್ಲೂಕು ಕೇಂದ್ರದ ಗ್ಯಾರೇಜೊಂದರಲ್ಲಿ ಸಿಕ್ಕಿ, ನನ್ನ ಸ್ಕೂಟರ್ ರಿಪೇರಿ ಮಾಡಿ, ದುಡ್ಡು ಬೇಡವೆಂದ. ಹೊರಡುವಾಗ ಕೇಳಿದ: "ಸಾರ್, ಆ ಪಟ್ಟಿ ಇನ್ನೂ ಗೋಡೆ ಮೇಲೆ ಐತಾ?" ನನಗೆ ಉತ್ತರ ಹೊಳೆಯಲಿಲ್ಲ. ನೆರವು ಕೊಡಲೆಂದು ಮಾಡಿದ ಪಟ್ಟಿ ಅವನಿಗೆ ಶಿಕ್ಷೆಯಾಗಿತ್ತು. ಆಮೇಲೆ ನಾವು ಪಟ್ಟಿಯನ್ನು ಶಿಕ್ಷಕರ ಡೈರಿಯೊಳಗೇ ಇಟ್ಟೆವು, ತಿಂಗಳಿಗೊಮ್ಮೆ ಬದಲಿಸಿದೆವು. ಆದರೆ ಅವನ ಪಾಲಿಗೆ ಅದು ತಡವಾಗಿತ್ತು.

ಹಣ ಮಾಡಿದ್ದು, ಮಾಡದಿದ್ದದ್ದು

ಅನುಭವದಿಂದ ಮೂರು ಮಾತು ಹೇಳಬಲ್ಲೆ.

ಮೊದಲನೆಯದು ಸಮಯ. ಮಗುವಿನ ಕೊರತೆ ಗೊತ್ತಾಗುವುದು ಜೂನ್‌ನಲ್ಲಿ. ಅನುದಾನ ಕೈಗೆ ಬರುತ್ತಿದ್ದದ್ದು ಅನೇಕ ಸಲ ವರ್ಷದ ಕೊನೆಗೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಹಣ ಬಳಕೆ ಪ್ರಮಾಣಪತ್ರ ಕಳಿಸಬೇಕು. ಆಗ ಕೊಳ್ಳಬಹುದಾದದ್ದು ವಸ್ತುಗಳನ್ನು, ಕಲಿಕೆಯನ್ನಲ್ಲ.

ಎರಡನೆಯದು ಜನ. ಹಂತ ಹಂತದ ನೆರವಿನಲ್ಲಿ ಕೊನೆಯ ಹಂತಕ್ಕೆ ಹೋದಷ್ಟೂ ಮಕ್ಕಳ ಸಂಖ್ಯೆ ಕಡಿಮೆ, ಬೇಕಾದ ಸಮಯ ಹೆಚ್ಚು. ಗಣಿತದ ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರು ಆಗಸ್ಟ್‌ನಲ್ಲಿ ಬಂದರೆ ಯಾವ ಅನುದಾನವೂ ಆ ಜಾಗವನ್ನು ತುಂಬಲಾರದು.

ಮೂರನೆಯದು ಗುರಿ. ಡಿಸೆಂಬರ್ ನಂತರ ನಮ್ಮ ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಶುರುವಾಗುತ್ತದೆ. 2025ರವರೆಗೆ 625ಕ್ಕೆ 219 ಅಂಕ ದಾಟಿಸುವುದೇ ಗುರಿಯಾಗಿತ್ತು. ಅದನ್ನು ನಾನೂ ಮಾಡಿದ್ದೇನೆ, ಅದರಿಂದ ಎಷ್ಟೋ ಮಕ್ಕಳ ದಾರಿ ತೆರೆದದ್ದೂ ನಿಜ. ಆದರೆ ನಕ್ಷೆ ಬರೆಯುವುದನ್ನು, ಪ್ರಮೇಯವನ್ನು ಬಾಯಿಪಾಠ ಮಾಡಿಸಿ ಪಾಸು ಮಾಡಿಸಿದ ಮಗು ಪಿ.ಯು.ಸಿ.ಯ ಮೊದಲ ತಿಂಗಳಲ್ಲೇ ಕಂಗಾಲಾಗುವುದನ್ನೂ ಕಂಡಿದ್ದೇನೆ.

ಇತ್ತೀಚಿನ ವರ್ಷಗಳು

2018ರಲ್ಲಿ ಸರ್ವ ಶಿಕ್ಷಣ ಅಭಿಯಾನ, ರಮ್ಸಾ ಮತ್ತು ಶಿಕ್ಷಕ ಶಿಕ್ಷಣದ ಯೋಜನೆಗಳು ಸೇರಿ 'ಸಮಗ್ರ ಶಿಕ್ಷಣ'ವಾಯಿತು. ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತಾಯಿತು. ಮಕ್ಕಳು ಕಡಿಮೆಯಾದಂತೆ ಹಳ್ಳಿಯ ಶಾಲೆಯ ಹಣವೂ ಕಡಿಮೆಯಾಗುವ ಸ್ಥಿತಿ ಇದರಿಂದ ಬಂತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. 'ವಿದ್ಯಾಗಮ'ದಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿಗೆ, ಅರಳಿಕಟ್ಟೆಗೆ ಹೋಗಿ ಪಾಠ ಮಾಡಿದರು. ಮೊಬೈಲ್ ಇದ್ದವರು, ಇಲ್ಲದವರು ಎಂದು ಮಕ್ಕಳು ಎರಡು ಪಾಲಾದರು. ಮತ್ತೆ ಬಾಗಿಲು ತೆರೆದಾಗ ಹಿಂದುಳಿದವರು ಒಂದು ಬೆಂಚಿನವರಷ್ಟೇ ಆಗಿರಲಿಲ್ಲ, ಇಡೀ ತರಗತಿಯೇ ಆಗಿತ್ತು. ರಾಜ್ಯ ಸರ್ಕಾರ 2022–23ನೇ ಸಾಲಿನಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮವನ್ನು ಕೈಗೊಂಡಿತು. ಬಳಿಕ 'ಮರುಸಿಂಚನ' ಬಂತು. 2023–24ರಿಂದ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳಾದವು. 2024ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ. 73.40. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಇನ್ನೊಂದು ಕೈ ಬೇಕಾಗಿತ್ತು.

ಕೊನೆಯದಾಗಿ ಒಂದು ವಿನಂತಿ

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮಹಾದ್ವಾರ ಕಟ್ಟಿಸಲು ಮುಂದಾಗಿದ್ದಾರೆ. ಸಂತೋಷ. ಅದು ಬೇಡವೆನ್ನುವಷ್ಟು ದೊಡ್ಡವನಲ್ಲ ನಾನು. ಆದರೆ ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಿಂದ ಪ್ರತಿ ಜೂನ್‌ನಲ್ಲಿ, ಸರ್ಕಾರದ ಹಣ ಬರುವುದಕ್ಕೆ ಮೊದಲೇ, ಸೇತುಬಂಧದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಸಂಜೆಯ ತರಗತಿ ಆರಂಭಿಸಬಹುದು. ಊರಿನಲ್ಲೇ ಇರುವ ಪದವೀಧರ ಹುಡುಗ ಹುಡುಗಿಯರಿಗೆ ಗೌರವಧನ ಕೊಡಬಹುದು. ಮಕ್ಕಳಿಗೆ ಸಂಜೆ ಒಂದು ಹಿಡಿ ಕಡಲೆ, ಒಂದು ತುಂಡು ಬೆಲ್ಲ ಸಿಕ್ಕರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರುವಂತೆ ವೇಳೆ ಇರಿಸಬೇಕು. ಯಾರ ಹೆಸರನ್ನೂ ಗೋಡೆಗೆ ಅಂಟಿಸಬಾರದು.

ಗ್ಯಾರೇಜಿನ ಆ ಶಿಷ್ಯನಿಗೂ ಆಮಂತ್ರಣ ಪತ್ರಿಕೆ ಕೊಟ್ಟು ಬಂದಿದ್ದೇನೆ. "ನಾನು ಪಾಸಾದವನಲ್ಲವಲ್ಲ ಸಾರ್" ಎಂದ. "ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿನ್ನ ಹೆಸರಿದೆಯಪ್ಪ, ಅಷ್ಟು ಸಾಕು, ಬಾ" ಎಂದಿದ್ದೇನೆ. ಬಂದರೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಸ್ವಾಗತ ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ.